ಪೆರ್ಲದ ಮನೆಯ ರೌಟರ್: ಸಂಜೆ ಆರೂವರೆಗೆ ತುಂಡಾಗುತ್ತಿದ್ದ ಮೀಟಿಂಗಿನ ಪ್ರಕರಣ

ನನ್ನ ಅಕ್ಕನ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಬದಿಯಡ್ಕದಿಂದ ಬರುವ ರಸ್ತೆಯಲ್ಲಿ ಇಳಿದು, ತೋಟದ ಬದಿಯಲ್ಲಿ ಕೆಳಗೆ ನಡೆದರೆ ಸಿಗುತ್ತದೆ. ಮುರಕಲ್ಲಿನ ಹಳೇ ಮನೆ. ಗೋಡೆ ಒಂದೂವರೆ ಅಡಿ ದಪ್ಪ. ಎದುರು ದೊಡ್ಡ ಅಂಗಳ, ಡಿಸೆಂಬರಿಂದ ಮಾರ್ಚ್‌ವರೆಗೆ ಅದರ ತುಂಬ ಅಡಿಕೆ. ಎರಡು ವರ್ಷದ ಹಿಂದೆ ತಾಮ್ರದ ಫೋನ್ ಲೈನು ಹೋಗಿ ಫೈಬರ್ ಬಂತು. ಲೈನು ಕೊಟ್ಟವರೇ ಒಂದು ಬಿಳಿ ಪೆಟ್ಟಿಗೆ ಇಟ್ಟು ಹೋಗಿದ್ದರು. ಅದನ್ನು ಓಎನ್‌ಟಿ ಅನ್ನುತ್ತಾರೆ. ಫೈಬರಿನ ಬೆಳಕನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್ಲಿಗೆ ತಿರುಗಿಸುವುದು ಅದರ ಕೆಲಸ. ರೌಟರ್, ವೈಫೈ ಎಲ್ಲ ಅದರೊಳಗೇ ಇತ್ತು. ಪ್ಲಾನು 40 ಎಂಬಿಪಿಎಸ್, ಹೋಗುವುದಕ್ಕೂ ಬರುವುದಕ್ಕೂ ಅಷ್ಟೇ.

ಅಕ್ಕನ ಮಗಳು ಬೆಂಗಳೂರಿನ ಕಂಪೆನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಅವಳ ಮುಖ್ಯ ಮೀಟಿಂಗ್ ಸಂಜೆ ಆರೂವರೆಗೆ. 2025ರ ಜನವರಿಯಿಂದ ಆ ಹೊತ್ತಿಗೆ ಸರಿಯಾಗಿ ಧ್ವನಿ ತುಂಡಾಗಲು ಶುರುವಾಯಿತು. ಚಿತ್ರ ನಿಲ್ಲುತ್ತದೆ, ಅವಳು ಹೇಳಿದ್ದು ಆಚೆಗೆ ಮುಟ್ಟುವುದಿಲ್ಲ. ಎಂಟು ಗಂಟೆಗೆ ನೋಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಎಲ್ಲ ಸರಿ. ಕೊನೆಗೆ ಅವಳು ಮೊಬೈಲ್ ಹಿಡಿದು ಗುಡ್ಡೆ ಹತ್ತಿ ಮಾತಾಡುವ ಸ್ಥಿತಿ ಬಂತು. ಸಂಜೆ ಹೊತ್ತು ಕಾಡಿನ ಬದಿಯಲ್ಲಿ ಹುಡುಗಿ ಒಬ್ಬಳೇ ನಿಂತು ಮಾತಾಡುವುದು ಅಕ್ಕನಿಗೆ ಬೇಜಾರಿನ ವಿಷಯ. ನನಗೆ ಫೋನ್ ಮಾಡಿದ್ದು ಅದಕ್ಕೇ.

ಎಲ್ಲರ ಹತ್ತಿರವೂ ಒಂದೊಂದು ಮದ್ದು ಇತ್ತು. ಲೈನಿನವರು 100 ಎಂಬಿಪಿಎಸ್ ಪ್ಲಾನು ತೆಗೆದುಕೊಳ್ಳಿ ಅಂದರು. ಅಂಗಡಿಯವರು ಆರು ಕೊಂಬಿನ ಹೊಸ ವೈಫೈ ರೌಟರ್ ತೋರಿಸಿದರು. ಕಂಪೆನಿಯನ್ನೇ ಬದಲಿಸೋಣ ಅಂದದ್ದು ಭಾವ. ಯಾರೂ ಅಳೆದು ನೋಡಿರಲಿಲ್ಲ. ಒಂದು ದಿನ ಸುಮ್ನೆ ಇರಿ, ನಾನು ಬರುತ್ತೇನೆ ಅಂದೆ.

ಅಳೆದದ್ದು

ನಮ್ಮಲ್ಲಿ ಒಂದು ಅನುಕೂಲ ಇದೆ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮಿನಲ್ಲಿ. ಶಾಲೆಗಳ ಐಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಐಟಿ@ಸ್ಕೂಲ್ ಆಗಿದ್ದ ಕಾಲದಿಂದ ಈಗಿನ ಕೈಟ್ ವರೆಗೆ, ಉಬುಂಟು ಎಂಬ ಲಿನಕ್ಸನ್ನು ತಿದ್ದಿ ಮಾಡಿದ ವ್ಯವಸ್ಥೆಯನ್ನೇ ಮಕ್ಕಳು ಬಳಸುತ್ತಾರೆ. ಕನ್ನಡ ಮೀಡಿಯಂ ಮಕ್ಕಳೂ ಅಷ್ಟೇ. ಅಕ್ಕನ ಸಣ್ಣ ಮಗ ಒಂಬತ್ತನೇ ಕ್ಲಾಸು. ಮನೆಯ ಹಳೇ ಲ್ಯಾಪ್‌ಟಾಪಿಗೂ ಅವನೇ ಉಬುಂಟು ಹಾಕಿಟ್ಟಿದ್ದ. ಆಜ್ಞೆ ಟೈಪ್ ಮಾಡುವ ಟರ್ಮಿನಲ್ ತೆರೆ ಅಂದರೆ ಅವನಿಗೆ ಹೆದರಿಕೆ ಇಲ್ಲ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಮೊದಲ ಪ್ರಶ್ನೆ, ತೊಂದರೆ ವೈಫೈಯದ್ದೋ ಲೈನಿನದ್ದೋ? ಇದನ್ನು ಬೇರ್ಪಡಿಸದೆ ಏನು ಕೊಂಡರೂ ಕುರುಡು ಖರ್ಚು. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಓಎನ್‌ಟಿಗೆ ನೇರ ಕೇಬಲ್ ಹಾಕಿದೆವು. ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯುವುದಕ್ಕೆ ಪಿಂಗ್ ಅನ್ನುತ್ತಾರೆ. ಒಂದು ಕಿಟಕಿಯಲ್ಲಿ ಓಎನ್‌ಟಿಗೇ ಪಿಂಗ್, ಅಂದರೆ ಅದರ ವಿಳಾಸ 192.168.1.1ಕ್ಕೆ. ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್ಟಿನಲ್ಲಿರುವ 1.1.1.1ಕ್ಕೆ ಪಿಂಗ್. ಮಧ್ಯಾಹ್ನ ಮೊದಲನೆಯದು 1 ಮಿಲಿಸೆಕೆಂಡಿನ ಒಳಗೆ, ಎರಡನೆಯದು 14ರ ಆಸುಪಾಸು. ಚೆನ್ನಾಗಿದೆ. ಹಾಗೇ ಓಡಲಿ ಅಂತ ಬಿಟ್ಟು ಚಹಾ ಕುಡಿದೆವು.

ಆರೂ ಕಾಲಿಗೆ ಸಂಖ್ಯೆ ಏರತೊಡಗಿತು. 90, 210, 380, ನಡುನಡುವೆ 600. ಓಎನ್‌ಟಿಗೆ ಹೋಗುವ ಪಿಂಗ್ ಮಾತ್ರ 1ರಲ್ಲೇ ಇತ್ತು. ಎಂಟಿಆರ್ ಓಡಿಸಿದೆವು. ಅದು ದಾರಿಯಲ್ಲಿರುವ ಪ್ರತಿ ನಿಲ್ದಾಣಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುತ್ತದೆ. ಓಎನ್‌ಟಿ ದಾಟಿದ ಮೊದಲ ನಿಲ್ದಾಣದಲ್ಲೇ ಜಿಗಿತ. ಆಮೇಲೆ ಎಲ್ಲ ಕಡೆ ಅಷ್ಟೇ ಹೊತ್ತು. ಅಂದರೆ ಕಟ್ಟಿಕೊಳ್ಳುತ್ತಿದ್ದದ್ದು ನಮ್ಮ ಮನೆಯಿಂದ ಹೊರಗೆ ಹೋಗುವ ಬಾಗಿಲಲ್ಲಿ.

ಇನ್ನು ಬಾಗಿಲಿಗೆ ನುಗ್ಗುತ್ತಿರುವುದು ಯಾರು? ಒಂದೊಂದೇ ತೆಗೆದು ನೋಡಿದೆವು. ಅಂಗಳದಲ್ಲಿ ಅಡಿಕೆ ಕಾಯಲು ಡಿಸೆಂಬರಿನಲ್ಲಿ ಎರಡು ಕ್ಯಾಮೆರಾ ಹಾಕಿಸಿದ್ದರು. ಅವು ಹಗಲೂ ರಾತ್ರಿ ವಿಡಿಯೋವನ್ನು ಕ್ಲೌಡಿಗೆ ಕಳಿಸುತ್ತಿದ್ದವು. ಅವನ್ನು ಬಂದ್ ಮಾಡಿದಾಗ ಸ್ವಲ್ಪ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಆಮೇಲೆ ಭಾವನ ಫೋನಿನ ವೈಫೈ ಆಫ್ ಮಾಡಿದೆ. ಪಿಂಗ್ ಸೀದಾ 15ಕ್ಕೆ ಬಿತ್ತು.

ಭಾವನಿಗೆ ಆಟ ಅಂದರೆ ಪ್ರಾಣ. ಸೀಸನ್ನಿನಲ್ಲಿ ವಾರಕ್ಕೆ ಮೂರು ಸಲವಾದರೂ ಯಕ್ಷಗಾನಕ್ಕೆ ಹೋಗಿ ಗಂಟೆಗಟ್ಟಲೆ ವಿಡಿಯೋ ಮಾಡಿಕೊಂಡು ಬರುತ್ತಾರೆ. ಮರುದಿನ ಸಂಜೆ ಪೇಟೆಯಿಂದ ಮನೆಗೆ ಬಂದು ಫೋನನ್ನು ಚಾರ್ಜಿಗೆ ಹಾಕಿದ ಕೂಡಲೇ ಬ್ಯಾಕಪ್ ಶುರು. ಚಾರ್ಜಿನಲ್ಲಿ ಇರಬೇಕು, ವೈಫೈ ಬೇಕು ಅಂತ ಅದರ ಸೆಟ್ಟಿಂಗ್. ಇಪ್ಪತ್ತು ಜಿಬಿ ಹೋಗಬೇಕಾದರೆ 40ರ ಲೈನಿನಲ್ಲಿ ಒಂದು ಗಂಟೆಗೂ ಜಾಸ್ತಿ. ಎಂಟು ಗಂಟೆಗೆ ಎಲ್ಲ ಸರಿಯಾಗುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಪ್ಲಾನು 100 ಮಾಡಿದ್ದರೆ? ಬ್ಯಾಕಪ್ ಬೇಗ ಮುಗಿಯುತ್ತಿತ್ತು, ನಿಜ. ಆದರೆ ಮುಗಿಯುವವರೆಗಿನ ಅರ್ಧ ಗಂಟೆ ಹಾಗೇ ತುಂಡು ತುಂಡು. ಮೀಟಿಂಗ್ ಆ ಅರ್ಧ ಗಂಟೆಯಲ್ಲೇ ಇರುವುದು.

ಭಾವ ಇದನ್ನು ಒಪ್ಪಲಿಲ್ಲ. 40 ಇದೆಯಲ್ಲ, ಮೀಟಿಂಗಿಗೆ 3 ಸಾಕು ಅಂತೀ, ಮತ್ತೆ ಯಾಕೆ ಸಿಗುವುದಿಲ್ಲ? ಸರಿಯಾದ ಪ್ರಶ್ನೆ. ನಾನು ತೋಡಿನ ಕಟ್ಟವನ್ನು ನೆನಪಿಸಿದೆ. ಮಳೆ ಮುಗಿದ ಮೇಲೆ ತೋಟದವರು ತೋಡಿಗೆ ಅಡ್ಡ ಕಟ್ಟ ಕಟ್ಟುತ್ತಾರೆ, ಹಿಂದೆ ನೀರು ನಿಲ್ಲುತ್ತದೆ. ಆ ನಿಂತ ನೀರಿನ ಮೇಲುಗಡೆ ಒಂದು ಎಲೆ ಹಾಕಿ. ಕಟ್ಟದ ಬಾಯಿಗೆ ಮುಟ್ಟಲು ಎಷ್ಟು ಹೊತ್ತು! ಬಾಯಲ್ಲಿ ನೀರು ಹೋಗುವ ವೇಗ ಕಡಿಮೆಯಾಗಿಲ್ಲ. ಎಲೆಯ ಮುಂದೆ ನಿಂತಿರುವ ನೀರು ಜಾಸ್ತಿ, ಅಷ್ಟೇ. ಓಎನ್‌ಟಿಯೊಳಗೂ ಹಾಗೇ. ಹೊರಗೆ ಹೋಗಲು ಕಾದಿರುವ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ಸಣ್ಣ ತುಂಡುಗಳನ್ನು, ಅದು ದೊಡ್ಡ ಗುಂಡಿಯಲ್ಲಿ ತುಂಬಿಸಿಕೊಳ್ಳುತ್ತದೆ. ಯಕ್ಷಗಾನದ ವಿಡಿಯೋ ಆ ಗುಂಡಿ ತುಂಬಿಸಿದೆ. ಮಗಳ ಮಾತಿನ ಸಣ್ಣ ಪ್ಯಾಕೆಟ್ ಅದರ ಹಿಂದೆ ಕಾಯುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರಿಟ್ಟವರು ಅಮೆರಿಕದ ಪ್ರೋಗ್ರಾಮರ್ ಜಿಮ್ ಗೆಟ್ಟಿಸ್. ಕಟ್ಟದ ಮಾತು ಬಂದ ಮೇಲೆ ಭಾವ ಮತ್ತೆ ಕೇಳಲಿಲ್ಲ.

ಎರಡನೇ ತೊಂದರೆಯೂ ಇತ್ತು. ಅದು ಬೇರೆ ಇದ್ದರೂ ಇದರೊಂದಿಗೆ ಬೆರೆತುಕೊಂಡಿತ್ತು. ಮಗಳ ಕೋಣೆ ಉಪ್ಪರಿಗೆಯ ಆ ತುದಿ. ಓಎನ್‌ಟಿ ಚಾವಡಿಯ ಈ ತುದಿ. ಲ್ಯಾಪ್‌ಟಾಪಿನಲ್ಲಿ ವೈಫೈಯ ಬಲ ನೋಡಿದರೆ ಚಾವಡಿಯಲ್ಲಿ -46 ಡಿಬಿಎಂ, ಅವಳ ಮೇಜಿನ ಮೇಲೆ -79. ಈ ಸಂಖ್ಯೆ ಸೊನ್ನೆಗೆ ಹತ್ತಿರ ಇದ್ದಷ್ಟು ಒಳ್ಳೆಯದು. -70 ದಾಟಿದರೆ ಮಾತುಕತೆಗೆ ನಂಬುವ ಹಾಗಿಲ್ಲ. ನಡುವೆ ಮೂರು ಮುರಕಲ್ಲಿನ ಗೋಡೆ ಇದ್ದರೆ ಎಷ್ಟು ಕೊಂಬಿನ ರೌಟರ್ ತಂದರೂ ಅಷ್ಟಕ್ಕಷ್ಟೇ.

ಆರಿಸಿದ್ದು

ಬೇಕಾದದ್ದು ಆಗ ಸ್ಪಷ್ಟವಾಯಿತು. ಬಾಗಿಲಲ್ಲಿ ಸಾಲು ನಿಲ್ಲಿಸುವ ಬುದ್ಧಿ ಇರುವ ರೌಟರ್. ಅಂದರೆ ಓಪನ್‌ಡಬ್ಲ್ಯೂಆರ್‌ಟಿ ಓಡುವ ರೌಟರ್. ಇದು ರೌಟರಿಗೆಂದೇ ಮಾಡಿದ ಲಿನಕ್ಸ್. ಇದರ ಹುಟ್ಟಿನ ಕಥೆ ನನಗೆ ತುಂಬ ಇಷ್ಟ. ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ಅಂತ ಒಂದು ರೌಟರ್ ಇತ್ತು. ಅದರೊಳಗೆ ಲಿನಕ್ಸ್ ಇದೆ ಅಂತ ಜನ ಕಂಡುಹಿಡಿದರು. ಲಿನಕ್ಸಿನ ಜಿಪಿಎಲ್ ಲೈಸೆನ್ಸಿನ ಪ್ರಕಾರ ಮೂಲ ಕೋಡ್ ಕೊಡಿ ಅಂತ ಕೇಳಿದರು. 2003ರಲ್ಲಿ ಕೋಡ್ ಹೊರಗೆ ಬಂತು, 2004ರಲ್ಲಿ ಅದರ ಮೇಲೆ ಓಪನ್‌ಡಬ್ಲ್ಯೂಆರ್‌ಟಿ ಶುರುವಾಯಿತು. ಹೆಸರಿನ ಬಾಲ ಆ ರೌಟರಿನದ್ದೇ. ನಮ್ಮದು ಅಂತ ದುಡ್ಡು ಕೊಟ್ಟು ತಂದ ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡುವ, ತಿದ್ದುವ ಹಕ್ಕು ನಮಗೆ ಇರಬೇಕು ಅಲ್ವಾ?

ಮನೆಯ ಹಳೇ ಡೆಸ್ಕ್‌ಟಾಪಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿ ಡೆಬಿಯನ್ ಎಂಬ ಲಿನಕ್ಸಿನ ರೌಟರ್ ಮಾಡೋಣ ಅಂತ ಹುಡುಗ ಕೇಳಿದ. ಕಲಿಯಲು ಒಳ್ಳೆಯದು. ಆದರೆ ಕರೆಂಟು ಹೋಗುವ ಊರಲ್ಲಿ ಇಡೀ ದಿನ ಡೆಸ್ಕ್‌ಟಾಪ್ ಓಡಿಸಿದರೆ ಇನ್ವರ್ಟರ್ ಎಷ್ಟು ಹೊತ್ತು ತಡೆದೀತು? ಸಣ್ಣ ರೌಟರಿಗೆ ಹತ್ತು ವ್ಯಾಟ್ ಕೂಡ ಬೇಡ. ಓಪನ್‌ಡಬ್ಲ್ಯೂಆರ್‌ಟಿ ಬಳಗದ್ದೇ ಆದ ಓಪನ್‌ಡಬ್ಲ್ಯೂಆರ್‌ಟಿ ಒನ್ ಎಂಬ ಪೆಟ್ಟಿಗೆ 2024ರ ಕೊನೆಗೆ ಬಂದಿದೆ, 1 ಜಿಬಿ ರ‍್ಯಾಮ್ ಇದೆ. ಅದನ್ನು ಹೊರದೇಶದಿಂದ ತರಿಸುವಷ್ಟು ತಾಳ್ಮೆ ಮಗಳ ಮೀಟಿಂಗಿಗೆ ಇರಲಿಲ್ಲ.

ನಾನು ನೋಡುವ ಲೆಕ್ಕ ಹೀಗೆ. ಫ್ಲಾಶ್, ಅಂದರೆ ಪ್ರೋಗ್ರಾಂ ಉಳಿಯುವ ಜಾಗ, ಕನಿಷ್ಠ 16 ಎಂಬಿ, ರ‍್ಯಾಮ್ ಕನಿಷ್ಠ 128. ಹಳೇ ಅಗ್ಗದ ರೌಟರ್‌ಗಳಲ್ಲಿ 4 ಎಂಬಿ ಫ್ಲಾಶ್, 32 ಎಂಬಿ ರ‍್ಯಾಮ್ ಇರುತ್ತದೆ. ಈಗಿನ ಓಪನ್‌ಡಬ್ಲ್ಯೂಆರ್‌ಟಿ ಅದರಲ್ಲಿ ಹಿಡಿಸುವುದಿಲ್ಲ. ಓಎನ್‌ಟಿಯ ಹಾಗೆ ಇದೂ 12 ವೋಲ್ಟಿನದ್ದಾದರೆ ಎರಡಕ್ಕೂ ಒಂದೇ ಸಣ್ಣ ಯುಪಿಎಸ್ ಸಾಕು. ಎಲ್ಲಕ್ಕಿಂತ ಮುಖ್ಯ, ತಳದ ಚೀಟಿಯಲ್ಲಿರುವ ಆವೃತ್ತಿ ಸಂಖ್ಯೆ. ಹೆಸರು ಒಂದೇ, ಆವೃತ್ತಿ ಬೇರೆ ಆದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ಓಪನ್‌ಡಬ್ಲ್ಯೂಆರ್‌ಟಿಯ ಪಟ್ಟಿಯಲ್ಲಿ ಹೆಸರು ಮತ್ತು ಆವೃತ್ತಿ ಎರಡೂ ಹೊಂದಬೇಕು. ಅಂಗಡಿಯಲ್ಲಿ ನಿಂತು ಚೀಟಿ ನೋಡದೆ ದುಡ್ಡು ಕೊಡಬೇಡಿ.

ಮಂಗಳೂರಿನಲ್ಲಿ ಪರಿಚಯದವರ ಹತ್ತಿರ ಬಳಸಿದ ಟಿಪಿ-ಲಿಂಕ್ ಆರ್ಚರ್ ಸಿ6 ಸಿಕ್ಕಿತು. ಆವೃತ್ತಿ 3. ಮೀಡಿಯಾಟೆಕ್‌ನ ಎಂಟಿ7621 ಚಿಪ್, 16 ಎಂಬಿ ಫ್ಲಾಶ್, 128 ಎಂಬಿ ರ‍್ಯಾಮ್. 40ರ ಲೈನಿಗೆ ಧಾರಾಳ. 1,200 ರೂಪಾಯಿ ಕೊಟ್ಟೆ.

ಹಾಕಿದ್ದು

ಫೆಬ್ರವರಿಯಲ್ಲಷ್ಟೇ ಬಂದಿದ್ದ ಓಪನ್‌ಡಬ್ಲ್ಯೂಆರ್‌ಟಿಯ 24.10 ಆವೃತ್ತಿಯನ್ನು ಮನೆಯಲ್ಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಒಯ್ದೆ. ರೌಟರ್ ಬಿಚ್ಚಿದ ಮೇಲೆ ಅಲ್ಲಿ ಇಂಟರ್ನೆಟ್ ಎಲ್ಲಿಂದ? ಫೈಲು ಸರಿ ಇದೆಯೇ ಅಂತ ಹುಡುಗನೇ ಫೈಲಿನ ಗುರುತು ಲೆಕ್ಕ ಹಾಕುವ ಎಸ್‌ಎಚ್‌ಎ256ಸಮ್ ಓಡಿಸಿ, ಅಕ್ಷರ ಅಕ್ಷರ ಹೊಂದಿಸಿ ನೋಡಿದ. ಅದನ್ನು ರೌಟರಿಗೆ ಬರೆಯುವಾಗ ವೈಫೈ ಬೇಡ, ಕೇಬಲ್ಲೇ ಬೇಕು. ನಡುವೆ ಕರೆಂಟು ಹೋದರೆ ರೌಟರ್ ಏಳದೇ ಇರಬಹುದು. ಅದಕ್ಕೆ ಇನ್ವರ್ಟರಿನ ಪ್ಲಗ್ಗಿಗೇ ಹಾಕಿದೆವು.

ಎದ್ದ ಕೂಡಲೇ ಹುಡುಗ, ಮಾವ, ವೈಫೈ ಕಾಣುವುದೇ ಇಲ್ಲ ಅಂದ. ಅದು ಹಾಗೇ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಮೊದಲಿಗೆ ವೈಫೈ ಬಂದ್ ಇರುತ್ತದೆ, ಪಾಸ್‌ವರ್ಡೂ ಇರುವುದಿಲ್ಲ. ಕೇಬಲ್ಲಿನಲ್ಲಿ 192.168.1.1ಕ್ಕೆ ಹೋಗಿ ಮೊದಲು ಪಾಸ್‌ವರ್ಡ್ ಇಡಬೇಕು. ಆಮೇಲೆ ವೈಫೈಗೆ ದೇಶ ಭಾರತ ಅಂತ ಆರಿಸಿ ಆನ್ ಮಾಡಬೇಕು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ, ಒಂದು ಗಂಟೆ ಹೋಯಿತು. ಲೈನಿನವರು ಮರುದಿನ ಬರುವುದಿತ್ತು. ಅಲ್ಲಿವರೆಗೆ ಇರಲಿ ಅಂತ ಹೊಸ ರೌಟರನ್ನು ಓಎನ್‌ಟಿಗೆ ಸುಮ್ನೆ ಜೋಡಿಸಿದೆ. ಇಂಟರ್ನೆಟ್ ಬರಲಿಲ್ಲ. ಕೇಬಲ್ ಬದಲಿಸಿದೆ, ರೀಬೂಟ್ ಮಾಡಿದೆ. ಕೊನೆಗೆ ರೌಟರಿನೊಳಗೆ ಹೊಕ್ಕು ಐಪಿ ರೂಟ್, ಅಂದರೆ ದಾರಿಗಳ ಪಟ್ಟಿ, ನೋಡಿದಾಗ ಕಂಡಿತು. ಓಎನ್‌ಟಿಯ ವಿಳಾಸ 192.168.1.1, ಹೊಸ ರೌಟರಿನದ್ದೂ 192.168.1.1. ಒಳಗೂ ಹೊರಗೂ ಒಂದೇ ಊರಿನ ಹೆಸರಿದ್ದರೆ ಟಪಾಲು ಎತ್ತ ಹೋಗಬೇಕು? ಮನೆಯ ಕಡೆಯನ್ನು 192.168.10.1 ಮಾಡಿದೆ. ತಕ್ಷಣ ಬಂತು. ಇದನ್ನು ಮೊದಲೇ ಮಾಡಿಡುವುದು ಒಳ್ಳೆಯದು.

ಮರುದಿನ ಲೈನಿನ ಹುಡುಗ ಬಂದ. ಓಎನ್‌ಟಿಯನ್ನು ಬ್ರಿಜ್ ಮೋಡಿಗೆ ಹಾಕಿ ಅಂತ ಕೇಳಿದೆವು. ಅಂದರೆ ಅದು ಬರೀ ಬೆಳಕನ್ನು ಕೇಬಲ್ಲಿಗೆ ದಾಟಿಸಬೇಕು, ಉಳಿದ ಕೆಲಸ ನಮ್ಮ ರೌಟರಿನದ್ದು. ಲ್ಯಾಂಡ್‌ಲೈನ್ ಫೋನ್ ಓಎನ್‌ಟಿಯಿಂದಲೇ ಬರುವುದು, ಅದು ಹೋಗಬಾರದು ಅಂತ ಅಕ್ಕ ಎರಡೆರಡು ಸಲ ಹೇಳಿದಳು. ಅದಕ್ಕೆ ಬೇರೆ ದಾರಿ ಇದ್ದದ್ದರಿಂದ ಹೋಗಲಿಲ್ಲ. ಅವನು ಪಿಪಿಪಿಓಇ, ಅಂದರೆ ಲೈನಿಗೆ ಲಾಗಿನ್ ಆಗುವ ಕ್ರಮ, ಅದರ ಹೆಸರು, ಪಾಸ್‌ವರ್ಡ್ ಚೀಟಿಯಲ್ಲಿ ಬರೆದುಕೊಟ್ಟು ಹೊರಟ.

ಎರಡನ್ನೂ ಸರಿಯಾಗಿ ಹಾಕಿದರೂ ಲೈನು ಏಳಲಿಲ್ಲ. ರೌಟರಿನ ಲಾಗಿನಲ್ಲಿ ಒಂದೇ ಸಾಲು ಮತ್ತೆ ಮತ್ತೆ. ಪಿಎಡಿಒ ಪ್ಯಾಕೆಟಿಗೆ ಕಾದು ಸಮಯ ಮೀರಿತು ಅಂತ. ಈ ಸಾಲು ಕಂಡರೆ ಪಾಸ್‌ವರ್ಡ್ ತಿದ್ದುತ್ತಾ ಕೂರಬೇಡಿ. ತೋಟದ ಆಚೆ ಇರುವವರಿಗೆ ನಾವು ಕೂ ಹಾಕುತ್ತೇವಲ್ಲ, ಪಿಪಿಪಿಓಇಯ ಶುರು ಹಾಗೇ. ರೌಟರ್ ಮೊದಲು ಪಿಎಡಿಐ ಅಂತ ಕೂ ಹಾಕುತ್ತದೆ. ಆಚೆಯವರು ಪಿಎಡಿಒ ಅಂತ ಓಗೊಡಬೇಕು. ಹೆಸರು, ಪಾಸ್‌ವರ್ಡ್ ಕೇಳುವುದು ಅದೆಲ್ಲ ಮುಗಿದ ಮೇಲೆ. ಓಗೊಡಲೇ ಇಲ್ಲ ಅಂದರೆ ನಮ್ಮ ಕೂ ಅಲ್ಲಿಗೆ ಮುಟ್ಟಿಲ್ಲ. ಹೆಚ್ಚಾಗಿ ವಿಲ್ಯಾನ್ ಸಂಖ್ಯೆ, ಅಂದರೆ ಒಂದೇ ಲೈನಿನಲ್ಲಿ ಬೇರೆ ಬೇರೆ ದಾರಿಗಳನ್ನು ಗುರುತಿಸುವ ಸಂಖ್ಯೆ, ತಪ್ಪಿರುತ್ತದೆ.

ಅದನ್ನು ಚೀಟಿಯಲ್ಲಿ ಬರೆದಿರಲಿಲ್ಲ. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಹಿಂದಿನ ದಿನ ಅಕ್ಕನ ಮಗ ಓಎನ್‌ಟಿಯ ಎಲ್ಲ ಪುಟಗಳ ಫೋಟೋ ತೆಗೆದಿಟ್ಟಿದ್ದ. ನಾನು ಹೇಳಿರಲಿಲ್ಲ, ಅವನಾಗಿಯೇ ತೆಗೆದದ್ದು. ಅದರಲ್ಲಿ ಮೂರಂಕಿಯ ವಿಲ್ಯಾನ್ ಸಂಖ್ಯೆ ಇತ್ತು. ರೌಟರಿನ ವ್ಯಾನ್, ಅಂದರೆ ಹೊರಗಿನ ಲೈನು ಬರುವ ಬದಿ, ಆ ಸಾಧನದ ಹೆಸರಿನ ಕೊನೆಗೆ ಒಂದು ಚುಕ್ಕಿ, ಆ ಸಂಖ್ಯೆ. ಹತ್ತು ಸೆಕೆಂಡಿನಲ್ಲಿ ಲೈನು ಎದ್ದಿತು. ಅವನ ಮುಖ ನೋಡಬೇಕಿತ್ತು!

ಪಿಪಿಪಿಓಇ 8 ಬೈಟ್ ತಾನೇ ತಿನ್ನುತ್ತದೆ. ಹಾಗಾಗಿ ಎಂಟಿಯು, ಅಂದರೆ ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ, 1500ರ ಬದಲು 1492. ಅದರಲ್ಲಿ ಪಿಂಗಿನ ವಿಳಾಸ ಮುಂತಾದವಕ್ಕೂ ಸ್ವಲ್ಪ ಜಾಗ ಬೇಕು. ತುಂಡು ಮಾಡಬಾರದು ಅಂತ ಹೇಳಿ 1464 ಬೈಟಿನ ಪಿಂಗ್ ಕಳಿಸಿದರೆ ಹೋಗಬೇಕು, 1465 ಹೋಗಬಾರದು. ಹಾಗೇ ಆಯಿತು.

ಇನ್ನು ಸಾಲಿನ ವಿಷಯ. ಸಾಲು ನೋಡಿಕೊಳ್ಳುವ ಎಸ್‌ಕ್ಯೂಎಂ ಎಂಬ ಪ್ಯಾಕೇಜ್ ಹಾಕಿ, ಅದರಲ್ಲಿ ಕೇಕ್ ಎಂಬ ವಿಧಾನ ಆರಿಸಿದೆವು. ಕೇಕ್ 2018ರಲ್ಲಿ ಲಿನಕ್ಸ್ 4.19ರ ಜೊತೆ ಅದರ ತಿರುಳಾದ ಕರ್ನೆಲಿಗೆ ಸೇರಿದ್ದು. ಪ್ರತಿ ಮಾತುಕತೆಗೂ ಅದು ಬೇರೆ ಸಾಲು ಮಾಡುತ್ತದೆ, ಯಾವ ಸಾಲೂ ಉದ್ದ ಬೆಳೆಯಲು ಬಿಡುವುದಿಲ್ಲ. ಇದು ಕೆಲಸ ಮಾಡಬೇಕಾದರೆ ಸಾಲು ನಿಲ್ಲುವುದು ನಮ್ಮ ರೌಟರಿನಲ್ಲಿ ಆಗಬೇಕು, ಓಎನ್‌ಟಿಯ ಗುಂಡಿಯಲ್ಲಿ ಅಲ್ಲ. ಅದಕ್ಕೆ ಲೈನಿನ ವೇಗಕ್ಕಿಂತ ಸ್ವಲ್ಪ ಕಡಿಮೆ ಬರೆಯಬೇಕು. 40ಕ್ಕೆ ನಾವು ಎರಡೂ ಕಡೆ 36 ಇಟ್ಟೆವು. ಲೈನಿನಲ್ಲಿ ಪ್ರತಿ ಪ್ಯಾಕೆಟಿಗೆ ಸೇರುವ ಹೆಚ್ಚುವರಿ ತೂಕ 44 ಬೈಟ್ ಅಂತ ಬರೆದೆವು. ಫೈರ್‌ವಾಲ್ ಪುಟದ ಫ್ಲೋ ಆಫ್‌ಲೋಡಿಂಗ್ ಆಫ್ ಇರಬೇಕು. ಅದು ಆನ್ ಇದ್ದರೆ ಪ್ಯಾಕೆಟ್‌ಗಳು ಅಡ್ಡದಾರಿ ಹಿಡಿದು ಕೇಕ್‌ನ ಕಣ್ಣು ತಪ್ಪಿಸುತ್ತವೆ.

ಆ ಸಂಜೆ ಭಾವನ ಫೋನನ್ನು ಬೇಕೆಂದೇ ಚಾರ್ಜಿಗೆ ಹಾಕಿದೆವು, ಕ್ಯಾಮೆರಾಗಳೂ ಓಡುತ್ತಿದ್ದವು. ಪಿಂಗ್ 16, 19, 22. ಒಮ್ಮೆ 27. ಅಷ್ಟೇ. ಹಿಂದಿನ ವಾರ 600 ಕಂಡ ಲೈನು ಅದೇ, ಪ್ಲಾನೂ ಅದೇ.

ಸ್ಪೀಡ್ ಟೆಸ್ಟಿನಲ್ಲಿ ಈಗ 36ಕ್ಕಿಂತ ಜಾಸ್ತಿ ಬರುವುದಿಲ್ಲ. ದುಡ್ಡು ಕೊಟ್ಟ ನಾಲ್ಕು ಹೋಯಿತಲ್ಲ ಅಂತ ಭಾವನಿಗೆ ಬೇಸರ. ಆ ನಾಲ್ಕು ಕೊಟ್ಟು ಮಗಳು ಗುಡ್ಡೆ ಹತ್ತುವುದು ತಪ್ಪಿತು ಅಂದೆ. ಅಕ್ಕ ನನ್ನ ಪಕ್ಷ ವಹಿಸಿದಳು.

ಕೇಕ್ ಮಾಡುವುದರಲ್ಲಿ ದುಡಿದವರಲ್ಲಿ ಡೇವ್ ಟಾಟ್ ಒಬ್ಬರು. ಬಫರ್‌ಬ್ಲೋಟ್ ತೆಗೆಯಲು ವರ್ಷಗಟ್ಟಲೆ ಹೋರಾಡಿದವರು. ನಾವು ಇದನ್ನು ಹಾಕಿ ಸುಮಾರು ಒಂದು ತಿಂಗಳಲ್ಲಿ, 2025ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಸುದ್ದಿ ಓದಿದಾಗ ನನಗೆ ನಿಜವಾಗಿ ಸಂಕಟ ಆಯಿತು. ಪೆರ್ಲದ ಒಂದು ಮನೆಯಲ್ಲಿ ಅವರ ಕೆಲಸ ಪ್ರತಿ ಸಂಜೆ ನಡೆಯುತ್ತಿದೆ.

ಕೋಣೆ, ಕ್ಯಾಮೆರಾ, ಸಿಡಿಲು

ಉಪ್ಪರಿಗೆಗೆ ಮಾಡಿನ ಅಡಿಯಿಂದ ಒಂದು ಕ್ಯಾಟ್6 ಕೇಬಲ್ ಎಳೆದೆವು. ತುದಿಗೆ ಮೂಲೆಯಲ್ಲಿದ್ದ ಹಳೇ ರೌಟರ್. ಅದರ ಡಿಎಚ್‌ಸಿಪಿ, ಅಂದರೆ ಸಾಧನಗಳಿಗೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ, ವಿಳಾಸ ಬದಲಿಸಿ, ವ್ಯಾನ್ ಬಿಟ್ಟು ಮನೆಯೊಳಗಿನ ಬದಿಯ ಲ್ಯಾನ್ ತೂತಿಗೇ ಕೇಬಲ್ ಹಾಕಿದೆವು. ಈಗ ಅದು ಬರೀ ವೈಫೈ ಕೊಡುತ್ತದೆ. ಅವಳ ಮೇಜಿನಲ್ಲಿ -44. ಸುತ್ತ ಅಡಿಕೆ ಮರ ಬಿಟ್ಟರೆ ಬೇರೆ ಮನೆಯ ವೈಫೈ ಇಲ್ಲ. ಚಾನೆಲ್ ಆರಿಸುವ ತಲೆನೋವು ಪೇಟೆಯವರದ್ದು. ಎರಡಕ್ಕೂ 1 ಮತ್ತು 11 ಕೊಟ್ಟೆವು.

ಅಂಗಳದ ಆಚೆಯ ಕೊಟ್ಟಿಗೆಗೂ ಹೀಗೇ ಕೇಬಲ್ ಹಾಕಿ, ಕ್ಯಾಮೆರಾಕ್ಕೆ ಒಳ್ಳೆಯದು ಅಂದರು ಭಾವ. ನಾನು ಒಪ್ಪಲಿಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ತಾಮ್ರ ಎಳೆಯುವುದು ನಮ್ಮ ಊರಿನ ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ಕ್ಯಾಮೆರಾ ವೈಫೈಯಲ್ಲೇ ಇರಲಿ. ಅದಕ್ಕೆ ಮೆಮೊರಿ ಕಾರ್ಡ್ ಹಾಕಿ, ಯಾರಾದರೂ ನಡೆದಾಡಿದರೆ ಮಾತ್ರ ಕ್ಲೌಡಿಗೆ ಕಳಿಸು ಅಂತ ಬದಲಿಸಿದೆವು. ಭಾರ ಅಲ್ಲೇ ಇಳಿಯಿತು. ಪೇಟೆಯಿಂದ ನೇರ ಮನೆಯ ಕ್ಯಾಮೆರಾಕ್ಕೆ ಹೊಗಬಹುದೇ ಅಂತಲೂ ಕೇಳಿದರು. ರೌಟರಿಗೆ ಸಿಕ್ಕ ವಿಳಾಸ 100.64ರಿಂದ 100.127ರ ಒಳಗಿನದ್ದು. ಅಂದರೆ ಒಂದೇ ಹೊರವಿಳಾಸವನ್ನು ಲೈನಿನವರು ಹಲವು ಮನೆಗೆ ಹಂಚಿದ್ದಾರೆ. ಹೊರಗಿನವರು ಒಳಗೆ ಬರಲು ರೌಟರಿನಲ್ಲಿ ಪೋರ್ಟ್ ತೆರೆದು ಪ್ರಯೋಜನ ಇಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು.

12 ವೋಲ್ಟಿನ ಸಣ್ಣ ಯುಪಿಎಸ್ ಓಎನ್‌ಟಿಯನ್ನೂ ರೌಟರನ್ನೂ ಎರಡು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಆದರೆ ಕರೆಂಟು ಅದಕ್ಕಿಂತ ಮೊದಲೇ ಲೈನಿನವರ ಕಡೆ ಕೈಕೊಟ್ಟರೆ ನಾವು ಏನೂ ಮಾಡುವ ಹಾಗಿಲ್ಲ. ಅಂಥ ದಿನ ಮಗಳಿಗೆ ಮೊಬೈಲೇ ಗತಿ.

2025ರಲ್ಲಿ ಮಳೆಗಾಲ ಮೇ 24ಕ್ಕೇ ಕೇರಳಕ್ಕೆ ಬಂತು, ಪತ್ತನಾಜೆಯ, ಅಂದರೆ ತುಳುವರ ಬೇಸ ತಿಂಗಳ ಹತ್ತನೇ ದಿನದ, ಹೊತ್ತಿಗೇ. ಅದಕ್ಕೂ ಮೊದಲಿನ ಸಂಜೆಗಳಲ್ಲಿ ಗುಡುಗು ಜೋರಿತ್ತು. ಫೈಬರಿನ ಗಾಜಿನಲ್ಲಿ ಸಿಡಿಲು ಬರುವುದಿಲ್ಲ. ಆದರೆ ಅದನ್ನು ಹೊತ್ತ ಕೇಬಲ್ಲಿನಲ್ಲಿ ಉಕ್ಕಿನ ತಂತಿ ಇರುತ್ತದೆ, ಕರೆಂಟಿನ ಲೈನಂತೂ ಇದ್ದೇ ಇದೆ. ಅದಕ್ಕೆ ಗುಡುಗು ಕೇಳಿದ ಕೂಡಲೇ ಯುಪಿಎಸ್ಸನ್ನು ಗೋಡೆಯಿಂದ ಕೀಳಬೇಕು ಅಂತ ಹೇಳಿಟ್ಟಿದ್ದೆ. ಒಂದು ರಾತ್ರಿ ಅಕ್ಕ ಫೋನ್ ಮಾಡಿದಳು. ಗುಡುಗಿಗೆ ಎಲ್ಲ ಕಿತ್ತಿದ್ದೆ, ಈಗ ಹಾಕಿದ್ದೇನೆ, ಕೆಳಗೆ ಬರುತ್ತದೆ, ಉಪ್ಪರಿಗೆಯಲ್ಲಿ ಇಲ್ಲ. ನಾನು ಹೇಳುವ ಮೊದಲೇ ಹಿಂದಿನಿಂದ ಹುಡುಗನ ಧ್ವನಿ ಕೇಳಿತು. ಅಮ್ಮ, ಕೇಬಲ್ಲನ್ನು ವ್ಯಾನ್ ತೂತಿಗೆ ಹಾಕಿದ್ದೀರಿ, ನೀಲಿಗೆ ಅಲ್ಲ, ಹಳದಿಗೆ ಹಾಕಿ.